ಗೇಮಿಂಗ್ ಬಾರ್‌ಗೆ ಊರವರಿಂದ ದುಡ್ಡು ಎತ್ತಬೇಕಾ? ಮುಂಬೈ, ಪುಣೆ ಕನ್ನಡಿಗರಿಗೆ ಹಂತ ಹಂತದ ಲೆಕ್ಕ

ಮುಂಬೈ, ಠಾಣೆ, ಪುಣೆ ಕಡೆಯಿಂದ ನನಗೆ ಪದೇ ಪದೇ ಒಂದೇ ಪ್ರಶ್ನೆ ಬರುತ್ತಿದೆ. "ಅಣ್ಣ, ವಿಡಿಯೋ ಗೇಮ್ ಥೀಮಿನ ಒಂದು ಬಾರ್ ಮಾಡೋಣ ಅಂತಿದ್ದೇವೆ. ಕ್ರೌಡ್‌ಫಂಡಿಂಗ್‌ನಲ್ಲಿ ದುಡ್ಡು ಎತ್ತಬಹುದಾ?" ಕೇಳುವವರಲ್ಲಿ ಎರಡು ಥರದವರಿದ್ದಾರೆ. ಒಂದು, ಐಟಿ ಕೆಲಸದಲ್ಲಿರುವ, ಆಟದ ಹುಚ್ಚು ಹತ್ತಿದ ಗೆಳೆಯರ ಗುಂಪು. ಇನ್ನೊಂದು, ಅಪ್ಪನೋ ಮಾವನೋ ನಡೆಸುವ ಹಳೇ ಪರ್ಮಿಟ್ ರೂಮಿಗೆ, ಅಂದರೆ ಇಲ್ಲಿನ ಲೈಸೆನ್ಸ್ ಇರುವ ಬಾರ್‌ಗೆ, ಹೊಸ ಬಣ್ಣ ಹೊಡೆಯಬೇಕು ಅಂದುಕೊಂಡಿರುವ ಮನೆಮಕ್ಕಳು. ನಾನು ಇಲ್ಲಿನ ಹೋಟೆಲ್, ಬಾರ್‌ಗಳ ಲೆಕ್ಕಪತ್ರ ನೋಡುವವನು. ಒಬ್ಬೊಬ್ಬರಿಗೂ ಫೋನಿನಲ್ಲಿ ಅದೇ ಕಥೆ ಹೇಳಿ ಸಾಕಾಗಿದೆ. ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಾರ್ ಕಟ್ಟುವ ಬಂಡವಾಳಕ್ಕೆ ಕ್ರೌಡ್‌ಫಂಡಿಂಗ್ ನಂಬಬೇಡಿ. ಆದರೆ ನಿಮ್ಮ ಬಾರ್‌ಗೆ ಜನ ಬರುತ್ತಾರಾ ಅಂತ ಪರೀಕ್ಷೆ ಮಾಡಲು ಅದು ಒಳ್ಳೆಯ ಸಾಧನ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಹೊರಟವರೇ ಜಾಸ್ತಿ ಕೈ ಸುಟ್ಟುಕೊಳ್ಳುವುದು.

ಇನ್ನೊಂದು ಮಾತು. ಕಂಪನಿ ಕಾನೂನು, ಜಿಎಸ್‌ಟಿ ಇವೆಲ್ಲ ದೇಶಕ್ಕೆಲ್ಲ ಒಂದೇ. ಅಬಕಾರಿ ಮಾತ್ರ ರಾಜ್ಯದ್ದು. ನಾನು ಬರೆಯುತ್ತಿರುವುದು ಮಹಾರಾಷ್ಟ್ರದ ಬಗ್ಗೆ. ಗೋವಾದಲ್ಲಿ ಮಾಡುವವರು ಲೈಸೆನ್ಸಿನ ಭಾಗವನ್ನು ಅಲ್ಲಿನ ವಕೀಲರ ಹತ್ತಿರವೇ ಕೇಳಿಕೊಳ್ಳಿ.

ಹಂತ 1: ಯಾವ ಥರದ ದುಡ್ಡು ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಕ್ರೌಡ್‌ಫಂಡಿಂಗ್ ಅಂದರೆ ತುಂಬಾ ಜನರಿಂದ ಚಿಕ್ಕ ಚಿಕ್ಕ ಮೊತ್ತ ಕೂಡಿಸುವುದು. ನಮ್ಮವರಿಗೆ ಇದೇನು ಹೊಸದಲ್ಲ. ಚೀಟಿ, ಇಲ್ಲಿನ ಭಿಶಿ ಎಲ್ಲ ಅದೇ ಜಾತಿ. ಬಿಲ್ಲವರ ಅಸೋಸಿಯೇಷನ್ 1978ರಲ್ಲಿ ಮುಂಬೈಯಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಶುರು ಮಾಡಿದ್ದೂ ಹತ್ತು ಜನರ ಕೈ ಕೂಡಿಸಿಯೇ. ಆದರೆ ಅದು ಬ್ಯಾಂಕು. ಅದಕ್ಕೆ ಬೇರೆ ಕಾನೂನು, ಬೇರೆ ಕಾವಲು ಇದೆ.

ಇವತ್ತಿನ ಕ್ರೌಡ್‌ಫಂಡಿಂಗ್‌ನಲ್ಲಿ ನಾಲ್ಕು ಬಗೆ. ದಾನ, ಅಂದರೆ ಕೊಟ್ಟವರಿಗೆ ವಾಪಸ್ ಏನೂ ಇಲ್ಲ. ಪ್ರತಿಫಲ, ಅಂದರೆ ದುಡ್ಡಿಗೆ ಬದಲು ಪಾಸ್, ಟೀಶರ್ಟ್, ಊಟದ ಕೂಪನ್. ಸಾಲ. ಕೊನೆಯದು ಪಾಲು, ಅಂದರೆ ಕಂಪನಿಯ ಷೇರು.

ದಾನವನ್ನು ಬಿಟ್ಟುಬಿಡಿ. ಬಾರ್‌ಗೆ ಯಾರು ದಾನ ಕೊಡುತ್ತಾರೆ? ಕೊಟ್ಟರೂ, ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ನಿಮ್ಮ ಹೆಸರಿಗೆ ಬಂದರೆ ಅಷ್ಟೂ ನಿಮ್ಮ ಆದಾಯ ಅಂತ ಲೆಕ್ಕವಾಗಿ ತೆರಿಗೆ ಬೀಳುತ್ತದೆ.

ಪಾಲಿನ ವಿಷಯದಲ್ಲೇ ಎಲ್ಲರೂ ಎಡವುವುದು. ಬ್ರಿಟನ್ನಿನ ಬ್ರೂಡಾಗ್ ಅನ್ನುವ ಬಿಯರ್ ಕಂಪನಿ 2009ರಿಂದ ತನ್ನ ಗಿರಾಕಿಗಳಿಗೇ ಷೇರು ಮಾರಿ ದುಡ್ಡು ಎತ್ತಿತ್ತು ಅಂತ ಓದಿ ಬರುತ್ತಾರೆ. ಅಲ್ಲಿ ಅದಕ್ಕೆ ಕಾನೂನಿನ ದಾರಿ ಇದೆ. ನಮ್ಮಲ್ಲಿ ಸೆಬಿ, ಅಂದರೆ ಷೇರು ಮಾರುಕಟ್ಟೆಯ ಕಾವಲು ಸಂಸ್ಥೆ, 2014ರಲ್ಲಿ ಈ ಬಗ್ಗೆ ಒಂದು ಚರ್ಚಾ ಪತ್ರ ತಂದಿತು, ಅಷ್ಟೇ. 2016ರಲ್ಲಿ ಅನುಮತಿ ಇಲ್ಲದ ಆನ್‌ಲೈನ್ ವೇದಿಕೆಗಳ ಬಗ್ಗೆ ಹೂಡಿಕೆದಾರರಿಗೆ ಎಚ್ಚರಿಕೆಯನ್ನೂ ಕೊಟ್ಟಿತು. ಖಾಸಗಿ ಕಂಪನಿ ಸಾರ್ವಜನಿಕರನ್ನು ಕರೆದು ಷೇರು ಮಾರುವ ಹಾಗಿಲ್ಲ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಹೆಸರು ಗುರುತಿಸಿದ ಆಯ್ದ ಜನರಿಗೆ ಮಾತ್ರ ಷೇರು ನೀಡಿಕೆಯ ಪತ್ರ ಕೊಡಬಹುದು. ಅದೂ ಒಂದು ಹಣಕಾಸು ವರ್ಷದಲ್ಲಿ 200 ಜನರಿಗೆ. ಜಾಹೀರಾತು ಪೂರ್ತಿ ನಿಷಿದ್ಧ.

ಹಾಗಾದರೆ 900 ಜನರಿರುವ ಊರಿನ ವಾಟ್ಸಾಪ್ ಗುಂಪಿನಲ್ಲಿ "ಒಂದು ಲಕ್ಷ ಹಾಕಿ, ಬಾರ್‌ನಲ್ಲಿ ಪಾಲು ಪಡೆಯಿರಿ" ಅಂತ ಒಂದು ಪೋಸ್ಟರ್ ಬಿಟ್ಟರೆ? ಅದು ಜಾಹೀರಾತೇ. "ನಮ್ಮವರೇ ಅಲ್ವಾ ಇರೋದು" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಸಾಲವೂ ಅಷ್ಟೇ. "ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಕೊಡ್ತೇವೆ" ಅಂತ ಸಿಕ್ಕಸಿಕ್ಕವರಿಂದ ದುಡ್ಡು ತೆಗೆದುಕೊಂಡರೆ ಅದು ಠೇವಣಿ. ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆಯಲ್ಲಿ ಬರೀ ಆಹ್ವಾನಿಸಿದ್ದಕ್ಕೇ ಜೈಲು ಶಿಕ್ಷೆ ಇದೆ. ಮಹಾರಾಷ್ಟ್ರದಲ್ಲಿ ಠೇವಣಿದಾರರ ರಕ್ಷಣೆಗೆ 1999ರ ಇನ್ನೊಂದು ಕಾಯ್ದೆಯೂ ಇದೆ. ಎರಡೂ ಸುಮ್ನೆ ಹೆದರಿಸಲು ಬರೆದವಲ್ಲ.

ಇನ್ನು ಉಳಿದದ್ದು ಪ್ರತಿಫಲ. ಇದು ಸರಳವಾಗಿ ಹೇಳಬೇಕೆಂದರೆ ಮುಂಗಡ ಮಾರಾಟ. ನೀವು ಮುಂದೆ ಕೊಡುವ ಊಟಕ್ಕೆ, ಆಟಕ್ಕೆ ಜನ ಈಗಲೇ ದುಡ್ಡು ಕೊಡುತ್ತಾರೆ. ನಿಜವಾದ ವ್ಯಾಪಾರದ ಮುಂಗಡ ಆಗಿದ್ದು, ಸರಕು ಸೇವೆ ಕೊಡಲಾಗದಿದ್ದರೆ ವಾಪಸ್ ಕೊಡುವ ಷರತ್ತಿದ್ದರೆ, 2019ರ ಕಾಯ್ದೆಯ ಠೇವಣಿ ಲೆಕ್ಕದಿಂದ ಅದು ಹೊರಗೆ. ನಿಮಗೆ ತೆರೆದಿರುವ ಬಾಗಿಲು ಇದೊಂದೇ.

ಹಂತ 2: ದುಡ್ಡು ಕೊಡುವವರ ವಯಸ್ಸು ಕೇಳಿ

ಇದನ್ನು ಯಾರೂ ಮೊದಲು ಕೇಳುವುದಿಲ್ಲ. ನನ್ನ ಪ್ರಕಾರ ಇದೇ ಮೊದಲ ಪ್ರಶ್ನೆ.

ಮಹಾರಾಷ್ಟ್ರದಲ್ಲಿ ಬಿಯರ್ ಕುಡಿಯಲು 21 ವರ್ಷ ಆಗಿರಬೇಕು. ವಿಸ್ಕಿ, ರಮ್ಮಿನಂಥ ಗಟ್ಟಿ ಮದ್ಯಕ್ಕೆ 25. ಅದರ ಮೇಲೆ ಕುಡಿಯುವವನ ಹತ್ತಿರ ಪರ್ಮಿಟ್ ಇರಬೇಕು ಅನ್ನುವ ಹಳೇ ನಿಯಮವೂ ಇದೆ. ಪರ್ಮಿಟ್ ರೂಮ್ ಅನ್ನುವ ಹೆಸರು ಬಂದದ್ದೇ ಅಲ್ಲಿಂದ.

ಈಗ ನಿಮ್ಮ ಆನ್‌ಲೈನ್ ಆಟದ ಗುಂಪನ್ನು ನೆನಪು ಮಾಡಿಕೊಳ್ಳಿ. ಅಲ್ಲಿ ರಾತ್ರಿ ಎರಡು ಗಂಟೆಯವರೆಗೂ ಆಡುವವರು, "ಬ್ರೋ, ನಾನು ಮೊದಲ ಟಿಕೆಟ್ ತಗೋತೀನಿ" ಅನ್ನುವವರು ಎಷ್ಟು ವರ್ಷದವರು? ಹೆಚ್ಚಿನವರು ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೆರಡು. ಅವರ ಉತ್ಸಾಹ ನಿಜ. ಆದರೆ ನಿಮ್ಮ ಗಲ್ಲಾಪೆಟ್ಟಿಗೆಗೆ ಲಾಭ ತರುವ ಪೆಗ್ಗನ್ನು ಅವರಿಗೆ ಮಾರುವಂತಿಲ್ಲ.

ನಿಮ್ಮ ಗಿರಾಕಿ ಬೇರೆಯವನು. ಮೂವತ್ತು ದಾಟಿದವನು, ಚಿಕ್ಕಂದಿನಲ್ಲಿ ಹಳದಿ ಬಣ್ಣದ 9999 ಇನ್ 1 ಕ್ಯಾಸೆಟ್ಟಿಗೆ ಬಾಯಿಯಿಂದ ಊದಿ ಊದಿ ಟಿವಿಗೆ ಹಾಕಿದವನು, ಈಗ ಇಎಂಐ ಕಟ್ಟುವವನು. ಅವನ ಹತ್ತಿರ ದುಡ್ಡಿದೆ, ಸಮಯ ಇಲ್ಲ. ವಾರದಲ್ಲಿ ಒಂದು ಸಂಜೆ ಸಿಗುತ್ತಾನೆ. ನಿಮ್ಮ ಪ್ರಚಾರ ಅವನನ್ನು ಮುಟ್ಟುತ್ತದಾ ಅಂತ ಯೋಚಿಸಿ. ಅವನು ಸಿಗುವುದು ಗೇಮಿಂಗ್ ಗುಂಪಿನಲ್ಲಲ್ಲ, ಆಫೀಸಿನ ಗುಂಪಿನಲ್ಲಿ.

ಮದ್ಯ ಬಿಟ್ಟು ಕೆಫೆ ಮಾಡಿದರೆ ಹೇಗೆ ಅಂತ ಇಲ್ಲಿಗೆ ಬಂದಾಗ ಕೆಲವರಿಗೆ ಹೊಳೆಯುತ್ತದೆ. ಹೊಳೆದರೆ ಒಳ್ಳೆಯದೇ. ಮುಂದಿನ ಹಂತದ ಅರ್ಧ ತಲೆನೋವು ತಪ್ಪಿತು.

ಹಂತ 3: ಲೈಸೆನ್ಸ್ ಕೈಗೆ ಬರದೆ ಒಂದು ರೂಪಾಯಿ ಎತ್ತಬೇಡಿ

ಪೂರ್ಣ ಬಾರ್‌ಗೆ ಬೇಕಾದದ್ದು ಎಫ್‌ಎಲ್-3. ಅಂದರೆ ವಿದೇಶಿ ಮದ್ಯವನ್ನು ಅಲ್ಲೇ ಕೂತು ಕುಡಿಯಲು ಬಡಿಸುವ ಪರವಾನಗಿ. ಶಾಲೆ, ದೇವಸ್ಥಾನದಿಂದ ಇಂತಿಷ್ಟು ದೂರ ಇರಬೇಕು. ಕಟ್ಟಡದ ಕಾಗದ ಸರಿ ಇರಬೇಕು. ಹೌಸಿಂಗ್ ಸೊಸೈಟಿಯ ಕೆಳಗಿನ ಅಂಗಡಿಯಾದರೆ ಸೊಸೈಟಿಯವರ ತಕರಾರು ಇರಬಾರದು. ಈ ಒಂದು ಕಾರಣಕ್ಕೇ ಎಷ್ಟೋ ಒಳ್ಳೆಯ ಜಾಗಗಳು ಕೈತಪ್ಪುತ್ತವೆ. ಪರವಾನಗಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣದ ಫೀಸು ಲಕ್ಷಗಳಲ್ಲಿ. ಬಾರ್‌ನಲ್ಲಿ ಕುಡಿಯುವ ಮದ್ಯದ ಮೇಲಿನ ವ್ಯಾಟ್ 2023ರ ನವೆಂಬರಿನಲ್ಲಿ ಶೇ. 5ರಿಂದ 10 ಆಯಿತು. 2025ರಲ್ಲಿ ಲೈಸೆನ್ಸ್ ಫೀಸು ಶೇ. 15 ಏರಿತು, ಅಬಕಾರಿ ಸುಂಕವೂ ಏರಿತು. ಹೋಟೆಲ್, ಬಾರ್ ಮಾಲೀಕರ ಸಂಘವಾದ ಆಹಾರ್ ಆ ವರ್ಷ ಜುಲೈ 14ರಂದು ಬಾರ್‌ಗಳನ್ನು ಮುಚ್ಚಿ ಪ್ರತಿಭಟನೆ ಮಾಡಿದ್ದು ಇದಕ್ಕೇ. ನಿಮ್ಮ ಬಜೆಟ್ಟನ್ನು ಎರಡು ವರ್ಷದ ಹಿಂದಿನ ಯಾರದೋ ಹಾಳೆಯಿಂದ ನಕಲು ಮಾಡಿದ್ದರೆ ಹರಿದುಹಾಕಿ.

ಹೊಸ ಲೈಸೆನ್ಸಿಗೆ ಕಾಯಲಾಗದವರು ಹಿಡಿಯುವ ದಾರಿ "ಕಂಡಕ್ಟಿಂಗ್". ಮುಂಬೈ ಹೋಟೆಲಿನವರಿಗೆ ಈ ಪದ ಹೇಳಿಕೊಡಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಲೈಸೆನ್ಸ್ ಒಬ್ಬರ ಹೆಸರಿನಲ್ಲೇ ಇರುತ್ತದೆ. ನೀವು ತಿಂಗಳಿಗಿಷ್ಟು ಅಂತ ಕೊಟ್ಟು ಜಾಗ ನಡೆಸುತ್ತೀರಿ. ಇದರಲ್ಲಿ ಒಂದು ಗುಂಡಿ ಇದೆ. ಜನರ ದುಡ್ಡು ಎತ್ತಿ ನೀವು ನಿಯಾನ್ ದೀಪ, ಬೂತು, ಗೋಡೆಯ ಚಿತ್ರ ಎಲ್ಲ ಮಾಡಿಸುತ್ತೀರಿ. ಕರಾರು ಹನ್ನೊಂದು ತಿಂಗಳದ್ದು. ಹನ್ನೆರಡನೇ ತಿಂಗಳು ಮಾಲೀಕರಿಗೆ ಮನಸ್ಸು ಬದಲಾಯಿತು. ಗೋಡೆ ಅವರದು, ಪಾಸ್ ತೆಗೆದುಕೊಂಡ 300 ಜನ ನಿಮ್ಮವರು. ಕರಾರನ್ನು ನೋಂದಣಿ ಮಾಡಿಸಿ, ಕನಿಷ್ಠ ಮೂರು ವರ್ಷ ಎಬ್ಬಿಸುವಂತಿಲ್ಲ ಅಂತ ಬರೆಸಿ. ಇಂಥ ಏರ್ಪಾಡಿಗೆ ಅಬಕಾರಿ ಇಲಾಖೆ ಒಪ್ಪುತ್ತದಾ ಅಂತಲೂ ಮೊದಲೇ ಕೇಳಿ. ಇಷ್ಟಾಗದಿದ್ದರೆ ಗೋಡೆಗೆ ಮೊಳೆ ಹೊಡೆಯಬೇಡಿ.

ಬಾರ್‌ನ ಒಳಗಿನ ನಕ್ಷೆಯನ್ನು ಇಲಾಖೆ ಒಪ್ಪಿರುತ್ತದೆ. ಆಟದ ಬೂತಿಗಾಗಿ ಗೋಡೆ ಒಡೆಯುವ ಮೊದಲು, ಕೌಂಟರ್ ಸರಿಸುವ ಮೊದಲು ಅಲ್ಲಿ ಕೇಳಿ.

ಆಮೇಲೆ ಬೆಂಕಿ. 2017ರ ಡಿಸೆಂಬರ್ 29ರ ನಸುಕಿನಲ್ಲಿ ಮುಂಬೈಯ ಕಮಲಾ ಮಿಲ್ಸ್‌ನ ಪಬ್‌ಗಳಿಗೆ ಬೆಂಕಿ ಬಿದ್ದು 14 ಜನ ಸತ್ತಿದ್ದು ಈ ಊರಿನ ಬಾರ್‌ನವರು ಯಾರೂ ಮರೆತಿಲ್ಲ. ಗೇಮಿಂಗ್ ಬಾರ್ ಅಂದರೆ ಫೋಮ್, ಅಕ್ರಿಲಿಕ್, ಎಲ್‌ಇಡಿ ಪಟ್ಟಿ, ಕಾಲ ಕೆಳಗೆ ವೈರು. ಹತ್ತು ಗೇಮಿಂಗ್ ಕಂಪ್ಯೂಟರ್ ಒಟ್ಟಿಗೆ ಓಡಿದರೆ ಐದು ಕಿಲೋವ್ಯಾಟ್ ಹತ್ತಿರ ಹೋಗುತ್ತದೆ, ಎಸಿ ಬೇರೆ. ಹಳೇ ಪರ್ಮಿಟ್ ರೂಮಿನ ಮಂಜೂರಾದ ಲೋಡ್, ಅಂದರೆ ವಿದ್ಯುತ್ ಕಂಪನಿ ಆ ಮೀಟರಿಗೆ ಒಪ್ಪಿದ ಗರಿಷ್ಠ ಬಳಕೆ, ಅದನ್ನು ತಾಳುತ್ತದಾ? ಬಿಲ್ಲಿನ ಮೇಲೇ ಅಂಕಿ ಇರುತ್ತದೆ, ನೋಡಿ. ಅಗ್ನಿಶಾಮಕದ ಎನ್‌ಒಸಿ ಇಲ್ಲದೆ ಪ್ರಚಾರದ ವಿಡಿಯೋ ಕೂಡ ಮಾಡಬೇಡಿ.

ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಅಂಗಡಿ ನೋಂದಣಿ, ಹಾಡು ಹಾಕಲು ಪಿಪಿಎಲ್ ಮತ್ತು ಐಪಿಆರ್‌ಎಸ್ ಲೈಸೆನ್ಸ್ ಇವೆಲ್ಲ ಯಾವ ಹೋಟೆಲಿಗೂ ಬೇಕಾದವೇ. ಅವು ಏಜೆಂಟರಿಗೆ ನೀರು ಕುಡಿದಷ್ಟು ಸುಲಭ.

ಹಂತ 4: ಆಟದ ಹಕ್ಕು ಯಾರದು?

ಮನೆಗೆ ತಂದ ಪ್ಲೇಸ್ಟೇಷನ್, ನಿಂಟೆಂಡೊ, ಎಕ್ಸ್‌ಬಾಕ್ಸ್‌ಗಳ ಷರತ್ತು ಯಾರೂ ಓದದೆ "ಒಪ್ಪಿದೆ" ಒತ್ತಿರುತ್ತೇವೆ. ಅದರಲ್ಲಿ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ ಅಂತ ಇರುತ್ತದೆ. ಊರೆಲ್ಲ ಗೇಮಿಂಗ್ ಪಾರ್ಲರ್‌ಗಳು ಹಾಗೇ ನಡೆಯುತ್ತಿವೆ ಅಂತ ನೀವು ಹೇಳಬಹುದು. ಹೌದು. ಆದರೆ ಅವರು ಸಾವಿರ ಜನರಿಂದ ಮುಂಗಡ ತೆಗೆದುಕೊಂಡು ಇಂಟರ್‌ನೆಟ್ಟಿನಲ್ಲಿ ಡಂಗುರ ಸಾರಿಲ್ಲ. ನೀವು ಸಾರುತ್ತೀರಿ.

ಇದಕ್ಕಿಂತ ಸುರಕ್ಷಿತ ದಾರಿಗಳಿವೆ. ಕಂಪ್ಯೂಟರ್ ಆಟಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸ್ಟೀಮ್‌ನವರು ಕೆಫೆಗಳಿಗೇ ಅಂತ ಬೇರೆ ಲೈಸೆನ್ಸ್ ಯೋಜನೆ ಇಟ್ಟಿದ್ದಾರೆ. ನಾಣ್ಯ ಹಾಕಿ ಆಡುವ ಹಳೇ ಆರ್ಕೇಡ್ ಯಂತ್ರಗಳು ಹುಟ್ಟಿದ್ದೇ ವ್ಯಾಪಾರಕ್ಕೆ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ "ಹತ್ತು ಸಾವಿರ ಆಟ ಒಂದೇ ಡಬ್ಬಿಯಲ್ಲಿ" ಥರದ್ದನ್ನು ಮಾತ್ರ ಮುಟ್ಟಬೇಡಿ. ಅದರೊಳಗಿನ ಆಟಗಳು ಕದ್ದ ಮಾಲು.

ಹೆಸರು, ಚಿತ್ರದ ವಿಷಯ ಇನ್ನೂ ನಾಜೂಕು. ಮಾರಿಯೋನ ಮೀಸೆ, ಪ್ಯಾಕ್‌ಮ್ಯಾನ್‌ನ ಹಳದಿ ಬಾಯಿ ಗೋಡೆಗೆ ಬಿಡಿಸಿದರೆ ಚೆಂದವೇ. ಟೋಕಿಯೋದಲ್ಲಿ ಮಾರಿಯೋ ವೇಷ ಹಾಕಿಸಿ ಗೋ-ಕಾರ್ಟ್ ಬಾಡಿಗೆ ಕೊಡುತ್ತಿದ್ದ ಒಂದು ಕಂಪನಿಯ ಮೇಲೆ ನಿಂಟೆಂಡೊ ಕೇಸು ಹಾಕಿತು. 2020ರಲ್ಲಿ 5 ಕೋಟಿ ಯೆನ್ ಪರಿಹಾರ ಕಟ್ಟಲು ಕೋರ್ಟು ಹೇಳಿತು. "ಬಾರ್‌ಕೇಡ್" ಅಂದರೆ ಆರ್ಕೇಡ್ ಆಟ ಇರುವ ಬಾರ್‌ಗೆ ಸಾಮಾನ್ಯ ಪದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದು 2004ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾದ ಬಾರ್‌ನ ಹೆಸರು, ಅಮೆರಿಕದಲ್ಲಿ ನೋಂದಾಯಿತ ಟ್ರೇಡ್‌ಮಾರ್ಕ್. ನಿಮ್ಮದೇ ಒಂದು ಹೆಸರು ಹುಡುಕಿ. ಚೌಕಾಬಾರ ಅಂತಿಟ್ಟರೂ ಚೆನ್ನಾಗಿರುತ್ತದೆ, ಬಾರ್ ಹೇಗೂ ಒಳಗೇ ಇದೆ.

ಪಂದ್ಯ ಇಟ್ಟು ಗೆದ್ದವರಿಗೆ ನಗದು ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಇಲ್ಲಿ 1887ರ ಜೂಜು ತಡೆ ಕಾಯ್ದೆ ಇನ್ನೂ ಜೀವಂತ ಇದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಬಹುಮಾನಕ್ಕೆ ಒಂದು ಪ್ಲೇಟ್ ಚಿಕನ್ ಸುಕ್ಕ ಇಡಿ. ಪ್ರವೇಶ ಫೀಸು ಬೇಡ.

ಹಂತ 5: ಪಾಸಿನ ಲೆಕ್ಕ ಕಾಗದದ ಮೇಲೆ ಹಾಕಿ

ಲೆಕ್ಕಕ್ಕೆ ಸುಮ್ನೆ ಒಂದು ಅಂಕಿ ಇಟ್ಟುಕೊಳ್ಳೋಣ. 5,000 ರೂಪಾಯಿಯ ಪಾಸ್. ತೆಗೆದುಕೊಂಡವರಿಗೆ 6,000 ರೂಪಾಯಿಯ ಊಟ, ತಿಂಡಿ, ಒಂದು ಟೀಶರ್ಟ್. 300 ಜನ ತೆಗೆದುಕೊಂಡರು. ಕೈಗೆ 15 ಲಕ್ಷ. ಭಲೇ ಅನ್ನಿಸುತ್ತದೆ.

ವೇದಿಕೆಯ ಫೀಸು, ಪೇಮೆಂಟ್ ಖರ್ಚು ಸೇರಿ ಶೇ. 5 ಅಂದರೆ 75,000. ಸೇವೆಗೆ ಮುಂಗಡ ಬಂದ ದಿನವೇ ಜಿಎಸ್‌ಟಿ ಲೆಕ್ಕ ಶುರು. ರೆಸ್ಟೋರೆಂಟಿನ ಶೇ. 5ರ ದರದಲ್ಲಿ ಸುಮಾರು 71,000. ಟೀಶರ್ಟ್, ಕೊರಿಯರ್ ತಲಾ 350ರಂತೆ 1,05,000. ಉಳಿದದ್ದು ಸುಮಾರು 12.5 ಲಕ್ಷ.

ಇನ್ನು 300 ಜನರಿಗೆ ತಲಾ 6,000ದಂತೆ 18 ಲಕ್ಷದ ಊಟ ಬಡಿಸಬೇಕಲ್ಲ. ಸಾಮಾನಿನ ಖರ್ಚು ಬಿಲ್ಲಿನ ಶೇ. 35 ಅಂತ ಹಿಡಿದರೆ 6.3 ಲಕ್ಷ. ಕೋಳಿ, ಎಣ್ಣೆ, ಗ್ಯಾಸಿನವರು ಪಾಸ್ ತೆಗೆದುಕೊಳ್ಳುವುದಿಲ್ಲ, ನಗದು ಕೇಳುತ್ತಾರೆ. ಅದನ್ನು ಕಳೆದರೆ ನಿಮ್ಮ 15 ಲಕ್ಷದಲ್ಲಿ ಬಂಡವಾಳ ಅಂತ ಉಳಿದದ್ದು 6.2 ಲಕ್ಷ. ಮುಂಬೈಯಲ್ಲಿ ಒಂದು ಸಾಧಾರಣ ಜಾಗದ ಡಿಪಾಸಿಟ್ಟಿಗೂ ಅದು ಸಾಲದು.

ಇದಕ್ಕಿಂತ ದೊಡ್ಡ ಏಟು ಆಮೇಲೆ ಬೀಳುತ್ತದೆ. ಪಾಸ್ ತೆಗೆದುಕೊಂಡ ಆ 300 ಜನ ಯಾರು? ನಿಮ್ಮನ್ನು ಎಲ್ಲರಿಗಿಂತ ಹೆಚ್ಚು ಇಷ್ಟಪಡುವವರು. ಪಾಸ್ ಇಲ್ಲದಿದ್ದರೂ ಮೊದಲ ತಿಂಗಳೇ ದುಡ್ಡು ಕೊಟ್ಟು ಬರುತ್ತಿದ್ದವರು. ಈಗ ಅವರೇ ಬಂದು ಕೂರುತ್ತಾರೆ, ಹಾಲ್ ತುಂಬಿರುತ್ತದೆ, ರಾತ್ರಿ ಗಲ್ಲಾ ಎಣಿಸಿದರೆ ಕೂಪನ್ನೇ ಕೂಪನ್. ಬಾಡಿಗೆ, ಸಂಬಳ ಕಟ್ಟಬೇಕಾದ ಮೊದಲ ಆರು ತಿಂಗಳ ವ್ಯಾಪಾರವನ್ನು ನೀವು ಆಗಲೇ ಮಾರಿ ಟೈಲ್ಸ್ ಹಾಕಿಸಿಬಿಟ್ಟಿದ್ದೀರಿ.

"ಲೂಸಿಯಾ ಸಿನಿಮಾ ಜನರ ದುಡ್ಡಲ್ಲೇ ಆಯ್ತಲ್ಲ" ಅಂತ ಕೇಳುವವರಿದ್ದಾರೆ. ಹೌದು, 2013ರಲ್ಲಿ ಬಂದ ಆ ಸಿನಿಮಾಗೆ ಸುಮಾರು 50 ಲಕ್ಷ ಹಾಗೇ ಕೂಡಿತ್ತು. ಸಿನಿಮಾ ಒಮ್ಮೆ ಮುಗಿದರೆ ಮುಗಿಯಿತು, ಎಷ್ಟು ಜನ ನೋಡಿದರೂ ಹೊಸ ಖರ್ಚಿಲ್ಲ. ಬಾರ್‌ಗೆ ಪ್ರತಿ ಒಂದನೇ ತಾರೀಖು ಬಾಡಿಗೆ ಇದೆ.

ಹಂತ 6: ಮೊದಲು ಒಂದು ಮಂಗಳವಾರ ಮಾಡಿ ನೋಡಿ

ಇಲ್ಲಿ ನಮ್ಮವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ. ಮುಂಬೈ, ಠಾಣೆ, ಪುಣೆಯಲ್ಲಿ ಕರಾವಳಿಯವರ ಪರ್ಮಿಟ್ ರೂಮ್‌ಗಳಿಗೆ ಬರವಿಲ್ಲ. ಪರಿಚಯದ ಒಬ್ಬರಾದರೂ ಸಿಗುತ್ತಾರೆ. ಸೋಮವಾರ, ಮಂಗಳವಾರ ಅಲ್ಲಿ ಅರ್ಧ ಹಾಲ್ ಖಾಲಿ. ಆ ದಿನ ಮೇಲಿನ ಎಸಿ ಹಾಲನ್ನು ಎಂಟು ವಾರಕ್ಕೆ ಕೇಳಿ. ಕುಡಿತ, ಊಟ ಎಲ್ಲ ಅವರ ಬಿಲ್ಲು, ಅವರ ಲೈಸೆನ್ಸು. ಆಟ, ಜನ ನಿಮ್ಮದು. ಆಟಕ್ಕೆ ಪೊಲೀಸರ ಅನುಮತಿ ಬೇಕಾಗುತ್ತದಾ ಅಂತ ಮಾಲೀಕರೇ ಪೊಲೀಸ್ ಸ್ಟೇಷನ್ನಿನಲ್ಲಿ ವಿಚಾರಿಸಲಿ. ಅವರ ಮಾತಿಗೆ ಅಲ್ಲಿ ಬೆಲೆ ಜಾಸ್ತಿ.

ನಾವು ಇಂಥದ್ದೊಂದು ಸಂಜೆ ಮಾಡಿ ನೋಡಿದಾಗ ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇಲ್ಲದ ವಿಷಯಗಳು ಗೊತ್ತಾದವು. ಮೊದಲನೆಯದು ಮಸಾಲಾ ಶೇಂಗಾ. ಈರುಳ್ಳಿ, ನಿಂಬೆ, ಎಣ್ಣೆ ಹತ್ತಿದ ಬೆರಳು ಸೀದಾ ಕಂಟ್ರೋಲರಿಗೆ. ಒಂಬತ್ತು ಗಂಟೆಗೆ ಗುಂಡಿ ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ಒಳಗೆ ಖಾರದ ಪುಡಿ ಕೂತಿತ್ತು. ಮಾರನೇ ವಾರ ಕಡ್ಡಿಗೆ ಚುಚ್ಚಿದ ತಿಂಡಿ ಮಾತ್ರ ಇಟ್ಟೆವು, ಪ್ರತಿ ಮೇಜಿಗೂ ಒದ್ದೆ ಟಿಶ್ಯೂ.

ಎರಡನೆಯದು ಕೈ. ಆಡುವವನ ಎರಡೂ ಕೈ ಆಟದಲ್ಲಿರುತ್ತದೆ, ಗ್ಲಾಸು ಎತ್ತಲು ಮೂರನೇ ಕೈ ಇಲ್ಲ. ಫುಟ್‌ಬಾಲ್ ಆಟಕ್ಕೆ ಕೂತ ನಾಲ್ಕು ಜನರ ಮೇಜು ಎರಡು ಗಂಟೆಯಲ್ಲಿ ಮೂರು ಬಿಯರ್ ಮುಗಿಸಿತು. ಪಕ್ಕದಲ್ಲಿ ಸುಮ್ನೆ ಹರಟುತ್ತಿದ್ದ ಇಬ್ಬರು ಐದು. ವೇಟರ್ ಅಣ್ಣ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ಮೂರು ನಿಮಿಷಕ್ಕೆ ಮುಗಿಯುವ ಕುಸ್ತಿ, ಕಾರ್ ರೇಸ್ ಹಾಕಿದೆವು. ಸೋತವನು ಎದ್ದು ಇನ್ನೊಬ್ಬನಿಗೆ ಕೊಡಬೇಕು. ಎದ್ದವನು ಏನು ಮಾಡುತ್ತಾನೆ? ಆರ್ಡರ್ ಮಾಡುತ್ತಾನೆ.

ಎಂಟು ವಾರವೂ ಬರೆದಿಡಿ. ಎಷ್ಟು ಜನ, ಎಷ್ಟು ಹೊತ್ತು, ಮೇಜಿಗೆ ಎಷ್ಟು ಬಿಲ್ಲು, ಎರಡನೇ ಸಲ ಯಾರು ಬಂದರು. ಕೊನೆಯದು ಮುಖ್ಯ. ಮೊದಲ ವಾರ ಗೆಳೆಯರು ಮರ್ಯಾದೆಗೆ ಬರುತ್ತಾರೆ. ಐದನೇ ವಾರ ಹೊರಗೆ ಮಳೆ ಸುರಿಯುತ್ತಿದ್ದರೂ ಲೋಕಲ್ ಹತ್ತಿ ಬಂದವರೇ ನಿಮ್ಮ ಗಿರಾಕಿಗಳು.

ಹಂತ 7: ಪ್ರಚಾರ ಮಾಡುವುದೇ ಆದರೆ ಚಿಕ್ಕದಾಗಿ ಮಾಡಿ

ಮಂಗಳವಾರ ಕೈಹಿಡಿಯಿತು, ಲೈಸೆನ್ಸ್ ಇದೆ, ಜಾಗ ಇದೆ ಅಂದುಕೊಳ್ಳಿ. ಈಗ ಕ್ರೌಡ್‌ಫಂಡಿಂಗ್ ಮಾಡಬಹುದು. ಗುರಿ ಬಾರ್ ಅಲ್ಲ, ಒಂದು ವಸ್ತು. "ನಾಲ್ಕು ಆರ್ಕೇಡ್ ಯಂತ್ರಕ್ಕೆ 4 ಲಕ್ಷ" ಅನ್ನಿ. ಜನರಿಗೂ ಕಣ್ಣಿಗೆ ಕಾಣುತ್ತದೆ, ನಿಮಗೂ ಕೊಟ್ಟ ಮಾತು ಉಳಿಸಿಕೊಳ್ಳುವುದು ಸುಲಭ.

ಅಮೆರಿಕದ ಕ್ರೌಡ್‌ಫಂಡಿಂಗ್ ವೇದಿಕೆ ಕಿಕ್‌ಸ್ಟಾರ್ಟರ್ ಮರೆತುಬಿಡಿ. ಪ್ರಾಜೆಕ್ಟ್ ಹಾಕಬಹುದಾದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಅಮೆರಿಕದಲ್ಲಿರುವ ಭಾವನ ಹೆಸರಿನಲ್ಲಿ ಹಾಕೋಣ ಅಂತ ಐಡಿಯಾ ಮಾಡುವವರಿದ್ದಾರೆ. ಆ ದುಡ್ಡು ಇಲ್ಲಿಗೆ ಬರುವಾಗ ಫೆಮಾ ಕಾನೂನು, ಅಂದರೆ ವಿದೇಶಿ ವಿನಿಮಯದ ನಿಯಮ ಎದುರಾಗುತ್ತದೆ. ಅಲ್ಲದೆ ಮದ್ಯವನ್ನು ಪ್ರತಿಫಲವಾಗಿ ಕೊಡಲು ಕಿಕ್‌ಸ್ಟಾರ್ಟರ್‌ನವರೂ ಬಿಡುವುದಿಲ್ಲ. ನಮ್ಮ ದೇಶದ ಕೆಟ್ಟೊ, ಮಿಲಾಪ್ ಹೆಚ್ಚಾಗಿ ಆಸ್ಪತ್ರೆ ಖರ್ಚಿನಂಥ ಕಷ್ಟಕ್ಕೆ ದಾನ ಎತ್ತುವ ಜಾಗಗಳು. ಕ್ಯಾನ್ಸರ್ ಮಗುವಿನ ಫೋಟೋ ಪಕ್ಕ ನಿಮ್ಮ ನಿಯಾನ್ ಬೋರ್ಡು ಚೆನ್ನಾಗಿ ಕಾಣುವುದಿಲ್ಲ. ನಿಮ್ಮದೇ ಒಂದು ಪುಟ, ಒಂದು ಪೇಮೆಂಟ್ ಗೇಟ್‌ವೇ, ಕಂಪನಿಯ ಹೆಸರಿನ ಪ್ರತ್ಯೇಕ ಖಾತೆ ಸಾಕು.

ಪ್ರತಿಫಲದಲ್ಲಿ ಇವಿಷ್ಟು ನೋಡಿಕೊಳ್ಳಿ.

ಮದ್ಯ ಬೇಡವೇ ಬೇಡ. "ಉಚಿತ ಬಿಯರ್" ಅಂತ ಪೋಸ್ಟರ್ ಹಾಕಿದರೆ ಅದು ಮದ್ಯದ ಜಾಹೀರಾತೂ ಆಗುತ್ತದೆ, ಹತ್ತೊಂಬತ್ತರ ಹುಡುಗನಿಗೆ ಮಾರಿದ ಹಾಗೂ ಆಗುತ್ತದೆ. ಊಟ, ಆಟದ ಗಂಟೆ, ಗೋಡೆಯ ಮೇಲೆ ಹೆಸರು, ಯಂತ್ರಕ್ಕೆ ಹೆಸರಿಡುವ ಹಕ್ಕು ಕೊಡಿ. ಗೋಡೆಯ ಮೇಲಿನ ಹೆಸರಿಗೆ ಸಾಮಾನಿನ ಖರ್ಚು ಬಹುತೇಕ ಸೊನ್ನೆ ಅನ್ನುವುದನ್ನು ಗಮನಿಸಿ.

ಪಾಸ್ ನಿಮ್ಮ ಜಾಗದಲ್ಲಿ ಮಾತ್ರ ನಡೆಯಬೇಕು. ಸ್ವಂತ ಅಂಗಡಿಯ ಕೂಪನ್ನಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. "ಪಕ್ಕದ ಗೆಳೆಯನ ಹೋಟೆಲಿನಲ್ಲೂ ನಡೆಯುತ್ತೆ" ಅಂದರೆ ಲೆಕ್ಕವೇ ಬೇರೆ.

ಊಟದ ಪಾಸನ್ನು ತಿಂಗಳಿಗೆ 500 ರೂಪಾಯಿಯಂತೆ ಒಡೆಯಿರಿ. ಆಗ ಮೊದಲ ತಿಂಗಳೇ ಎಲ್ಲರೂ ಬಂದು ಅಡುಗೆಮನೆ ಖಾಲಿ ಮಾಡುವುದಿಲ್ಲ. ಪ್ರತಿ ಸಲ ಬಂದಾಗಲೂ 500ರ ಮೇಲೆ ಸ್ವಲ್ಪ ನಗದು ಖರ್ಚು ಮಾಡಿಯೇ ಮಾಡುತ್ತಾರೆ.

ಕೊನೆಯ ದಿನಾಂಕ ಬರೆಯಿರಿ. ಆ ದಿನಕ್ಕೆ ಯಂತ್ರ ಬರದಿದ್ದರೆ ಪೂರ್ತಿ ದುಡ್ಡು ವಾಪಸ್ ಅಂತಲೂ ಬರೆಯಿರಿ. ದುಡ್ಡು ಖಾತೆಯಲ್ಲೇ ಇರಲಿ, ಯಂತ್ರದ ಬಿಲ್ಲಿಗೆ ಬಿಟ್ಟು ಬೇರೆಯದಕ್ಕೆ ಮುಟ್ಟಬೇಡಿ. ಕೊಟ್ಟ ಮಾತು ತಪ್ಪಿದರೆ ಪಾಸ್ ತೆಗೆದುಕೊಂಡವರು ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದರೆ ಅದಕ್ಕಿಂತ ಮೊದಲು ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನಿಮ್ಮ ಅಮ್ಮನ ಹತ್ತಿರ ಬಂದು ಕೇಳುತ್ತಾರೆ.

ಹಂತ 8: ಉಳಿದ ಬಂಡವಾಳ ಹತ್ತಿರದವರಿಂದ, ಕಾಗದದ ಮೇಲೆ

ದೊಡ್ಡ ದುಡ್ಡು ಬರುವುದು ಕೊನೆಗೂ ಎಂಟು-ಹತ್ತು ಜನರಿಂದ. ಪಾಲುದಾರಿಕೆ ಸಂಸ್ಥೆಗೆ ಕಾನೂನಿನ ಮಿತಿ 50 ಜನ. ಆದರೆ ಲೈಸೆನ್ಸಿನ ಮೇಲಿರುವ ಒಬ್ಬೊಬ್ಬ ಪಾಲುದಾರ ಬಂದಾಗ, ಹೋದಾಗ ಅಬಕಾರಿ ಇಲಾಖೆಗೆ ಅಲೆದಾಟ ಇದೆ. ಆರು ಜನ ದಾಟಿದರೆ ಖಾಸಗಿ ಕಂಪನಿ ಮಾಡುವುದು ವಾಸಿ ಅಂತ ನನ್ನ ಅನುಭವ.

ಕಂಪನಿ ಷೇರು ಕೊಡುವಾಗ ಮೊದಲು ವಿಶೇಷ ನಿರ್ಣಯ, ಆಮೇಲೆ ಹೆಸರು ಬರೆದ ನೀಡಿಕೆ ಪತ್ರ. ದುಡ್ಡು ಬ್ಯಾಂಕಿನ ಮೂಲಕವೇ ಬರಬೇಕು, ನಗದು ಬೇಡ. ದುಡ್ಡು ಬಂದ 60 ದಿನದೊಳಗೆ ಷೇರು ಹಂಚಬೇಕು. ತಪ್ಪಿದರೆ 15 ದಿನದಲ್ಲಿ ವಾಪಸ್, ಅದೂ ತಪ್ಪಿದರೆ ಶೇ. 12 ಬಡ್ಡಿ. ಹಂಚಿಕೆಯ ವರದಿ ಸಲ್ಲಿಸುವವರೆಗೆ ಆ ದುಡ್ಡು ಬಳಸುವಂತಿಲ್ಲ. ದುಬೈ, ಕುವೈತಿನಲ್ಲಿರುವ ಮಾವ ಹಾಕಿದರೆ ಷೇರು ಕೊಟ್ಟ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಇನ್ನೊಂದು ವರದಿ ಇದೆ. ಇವನ್ನೆಲ್ಲ ಸಿಎಸ್, ಅಂದರೆ ಕಂಪನಿ ಸೆಕ್ರೆಟರಿ ಮಾಡಿಕೊಡುತ್ತಾರೆ. ಅವರ ಫೀಸು ಉಳಿಸಲು ಹೋಗಬೇಡಿ.

ಯಾರಾದರೂ ಬಿಟ್ಟು ಹೋಗಬೇಕಾದರೆ ಷೇರಿನ ಬೆಲೆ ಹೇಗೆ ಕಟ್ಟುವುದು ಅಂತ ಮೊದಲ ದಿನವೇ ಬರೆಸಿ. ಲೆಕ್ಕ ಯಾವ ತಾರೀಖಿಗೆ ತೋರಿಸುತ್ತೀರಿ, ಪಾಲುದಾರರ ಗೆಳೆಯರು ಬಂದರೆ ಬಿಲ್ಲು ಉಂಟೋ ಇಲ್ಲವೋ, ಅದೂ ಬರೆಸಿ. ಕೊನೆಯದನ್ನು ಓದಿ ನಗಬೇಡಿ. ನಾನು ನೋಡಿದ ಜಗಳಗಳಲ್ಲಿ ಅರ್ಧ ಶುರುವಾಗಿದ್ದು "ನನ್ನ ಹುಡುಗರ ಹತ್ತಿರ ದುಡ್ಡು ಕೇಳಿದ್ರಾ?" ಅನ್ನುವ ಮಾತಿನಿಂದ.